ಐಹೊಳೆ, ಬಾದಾಮಿ ಕಡೆ ನಮ್ಮವರಿಗೇ ಇತಿಹಾಸ ತೋರಿಸುವುದು ಹೇಗೆ?

ನಮ್ಮ ಬಾಗಲಕೋಟೆ ಜಿಲ್ಲೆಯವರು ಬಾದಾಮಿ ನೋಡಿಲ್ಲ ಅನ್ನುವ ಹಾಗಿಲ್ಲ. ಶಾಲೆಯಲ್ಲಿದ್ದಾಗ ಟ್ರಿಪ್‌ಗೆ ಒಮ್ಮೆ, ಬನಶಂಕರಿ ಜಾತ್ರೆಗೆ ಹೋದಾಗ ಒಮ್ಮೆ, ಬೀಗರು ಬಂದಾಗ ಅವರನ್ನು ಕರೆದುಕೊಂಡು ಇನ್ನೊಮ್ಮೆ. ಮೆಟ್ಟಿಲು ಹತ್ತುತ್ತಾರೆ, ನಟರಾಜನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಮಂಗಗಳ ಕೈಗೆ ಚೀಲ ಸಿಗದಂತೆ ಎದೆಗೆ ಅವುಚಿಕೊಂಡು ಇಳಿಯುತ್ತಾರೆ. ಏನು ನೋಡಿದ್ರಿ ಅಂತ ಕೇಳಿದರೆ "ಭಾಳ ಚಂದ ಐತ್ರಿ" ಅನ್ನುತ್ತಾರೆ, ಅಷ್ಟೇ. ಅದು ಅವರ ತಪ್ಪಲ್ಲ. ಅವರ ಪಕ್ಕದಲ್ಲಿ ನಿಂತು, ಇದನ್ನು ಹೀಗೆ ನೋಡಿ ಅಂತ ಯಾರೂ ತೋರಿಸಿಲ್ಲ.

ಆ ಕೆಲಸವನ್ನು ನೀವು ಮಾಡಬಹುದು. ಅದಕ್ಕೆ ಪುರಾತತ್ವದಲ್ಲಿ ಡಿಗ್ರಿ ಬೇಕಿಲ್ಲ. ಹೈಸ್ಕೂಲ್ ಮೇಷ್ಟ್ರು, ಯುವಕ ಸಂಘದವರು, ಸ್ತ್ರೀಶಕ್ತಿ ಸಂಘದ ಅಕ್ಕಂದಿರು, ಗ್ರಂಥಾಲಯ ನೋಡಿಕೊಳ್ಳುವವರು, ಯಾರು ಬೇಕಾದರೂ ಒಂದು ಸುತ್ತಾಟ ಮತ್ತು ಅದಕ್ಕೆ ಮುಂಚೆ ಒಂದು ಸಂಜೆಯ ಮಾತು ಏರ್ಪಡಿಸಬಹುದು. ಮನಸ್ಸಿನಲ್ಲಿ ಒಂದು ಗುರಿ ಗಟ್ಟಿ ಇರಲಿ: ಬಂದವರು ವಾಪಸ್ ಹೋದ ಮೇಲೆ ತಮ್ಮೂರ ಹನುಮಪ್ಪನ ಗುಡಿ ಪಕ್ಕ ಒರಗಿಸಿಟ್ಟಿರುವ ವೀರಗಲ್ಲನ್ನು ನಿಂತು ನೋಡಬೇಕು. ಬಾದಾಮಿಯ ಗುಹೆಗಳಿಗೆ ಕಾವಲುಗಾರರಿದ್ದಾರೆ. ಊರ ಕಲ್ಲಿಗೆ ಊರವರೇ ಕಾವಲು.

ಜಾಗ ಕಡಿಮೆ, ಹೊತ್ತು ಜಾಸ್ತಿ

ಟೂರಿನವರೆಲ್ಲ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ಮುಗಿಸುತ್ತಾರೆ. ದೂರ ಅಂಥದ್ದೇನಿಲ್ಲ, ಬಾದಾಮಿಯಿಂದ ಪಟ್ಟದಕಲ್ಲಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಅಲ್ಲಿಂದ ಐಹೊಳೆಗೆ ಇನ್ನೊಂದು ಹತ್ತು ಹನ್ನೆರಡು. ಆದರೂ ನೀವು ಹಾಗೆ ಮಾಡಬೇಡಿ. ಮೂರನೇ ಊರು ತಲುಪುವ ಹೊತ್ತಿಗೆ ಜನಕ್ಕೆ ಎಲ್ಲ ಗುಡಿಗಳೂ ಒಂದೇ ಥರ ಕಾಣಲು ಶುರುವಾಗುತ್ತವೆ, ಆಮೇಲೆ ನೀವು ಎಷ್ಟೇ ಚೆನ್ನಾಗಿ ಹೇಳಿದರೂ ಅವರ ಕಣ್ಣು ನೆರಳು ಹುಡುಕುತ್ತಿರುತ್ತದೆ.

ಇಡೀ ದಿನಕ್ಕೆ ಒಂದು ಎಳೆ ಹಿಡಿಯಿರಿ. ನನಗೆ ಬಹಳ ಇಷ್ಟವಾದ ಎಳೆ ಛಾವಣಿಯದ್ದು. ಬೆಳಿಗ್ಗೆ ಐಹೊಳೆ, ಊಟ ಆದ ಮೇಲೆ ಪಟ್ಟದಕಲ್ಲು, ದಿನವಿಡೀ ಬರೀ ಛಾವಣಿ. ಐಹೊಳೆಯ ಲಾಡ್‌ಖಾನ್ ಗುಡಿಯ ಮುಂದೆ ಎಲ್ಲರನ್ನೂ ಸ್ವಲ್ಪ ದೂರ ನಿಲ್ಲಿಸಿ, ಮೇಲೆ ನೋಡಲು ಹೇಳಿ. ಇಳಿಜಾರಾಗಿ ಹಾಸಿದ ಕಲ್ಲಿನ ಚಪ್ಪಡಿಗಳು. ಎರಡು ಚಪ್ಪಡಿ ಕೂಡುವ ಸಂದಿನ ಮೇಲೆ ಮರದ ತೊಲೆಯಂತೆ ಕಾಣುವ ಉದ್ದನೆಯ ಕಲ್ಲಿನ ಪಟ್ಟಿ. ಯಾಕೆ ಅಂತ ಕೇಳಿ. ಮನೆ ಕಟ್ಟಿದ ಅನುಭವ ಇರುವ ಯಜಮಾನರು ಯಾರಾದರೂ ಇದ್ದೇ ಇರುತ್ತಾರೆ, ಮಳೆ ನೀರು ಸಂದಿಯಲ್ಲಿ ಇಳಿಯಬಾರದು ಅಂತ ಅವರೇ ಹೇಳುತ್ತಾರೆ. ಕಟ್ಟಿಗೆಯಲ್ಲಿ ಮಾಡುತ್ತಿದ್ದ ಕೆಲಸವನ್ನು ಆ ಕಲ್ಲುಕುಟಿಗರು ಕಲ್ಲಿನಲ್ಲಿ ಮಾಡಿದ್ದಾರೆ ಅನ್ನುವುದು ಅಲ್ಲಿಂದ ತಾನಾಗಿ ತಿಳಿಯುತ್ತದೆ. ಆಮೇಲೆ ದುರ್ಗ ಗುಡಿ. ಹಿಂಭಾಗ ದುಂಡಗಿದೆ, ಮೇಲಿನ ಶಿಖರ ತುದಿ ಕಳೆದುಕೊಂಡಿದೆ. ಆ ಹೆಸರು ದುರ್ಗಾದೇವಿಯಿಂದ ಬಂದದ್ದಲ್ಲ, ಪಕ್ಕದಲ್ಲಿದ್ದ ಕೋಟೆಯಿಂದ ಬಂದದ್ದು. ಇಷ್ಟು ಹೇಳಿ ಸುತ್ತಲಿನ ಪಡಸಾಲೆಯಲ್ಲಿ ಒಂದು ಸುತ್ತು ಹಾಕಿಸಿ. ನಂದಿಗೆ ಒರಗಿದ ಶಿವ, ನರಸಿಂಹ, ಗರುಡನ ಮೇಲೆ ವಿಷ್ಣು, ವರಾಹ, ಮಹಿಷಮರ್ದಿನಿ, ಹರಿಹರ ಸಾಲಾಗಿ ಸಿಗುತ್ತಾರೆ. ಯಾರು ಯಾರು ಅಂತ ನೀವು ಹೇಳಬೇಡಿ, ಅವರೇ ಗುರುತಿಸಲಿ. ಹಳ್ಳಿಯ ಅಜ್ಜಿಯರು ನಮಗಿಂತ ಬೇಗ ಗುರುತಿಸುತ್ತಾರೆ.

ಪಟ್ಟದಕಲ್ಲಿಗೆ ಬಂದ ಮೇಲೆ ಗೇಟು ದಾಟಿ ಹುಲ್ಲಿನ ಮೇಲೆ ನಿಲ್ಲಿಸಿ ಒಂದು ಆಟ ಆಡಿಸಿ. ಕಾಣುವ ಗೋಪುರಗಳನ್ನು ಎರಡು ಗುಂಪು ಮಾಡಲು ಹೇಳಿ, ಬೇರೆ ಏನೂ ವಿವರಿಸಬೇಡಿ. ಐದು ನಿಮಿಷದಲ್ಲಿ ಮಾಡಿಬಿಡುತ್ತಾರೆ. ಒಂದು ಗುಂಪು ಬಾಗುತ್ತಾ ನೇರ ಮೇಲೇರಿ ತುದಿಗೆ ನೆಲ್ಲಿಕಾಯಿಯಂಥ ದುಂಡು ಕಲ್ಲು ಹೊರುವಂಥದ್ದು, ಗಳಗನಾಥ, ಕಾಶಿವಿಶ್ವನಾಥ, ಜಂಬುಲಿಂಗ. ಇನ್ನೊಂದು ಅಂತಸ್ತಿನ ಮೇಲೆ ಅಂತಸ್ತು ಇಟ್ಟಂಥದ್ದು, ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ. ಅವರು ಗುಂಪು ಮಾಡಿದ ಮೇಲೆ ನಾಗರ, ದ್ರಾವಿಡ ಅನ್ನುವ ಹೆಸರು ಕೊಡಿ. ಮೊದಲು ಹೆಸರು ಕೊಟ್ಟರೆ ಅದು ಪರೀಕ್ಷೆಯ ಪಾಠ ಆಗುತ್ತದೆ. ಉತ್ತರದ ಬಗೆ, ದಕ್ಷಿಣದ ಬಗೆ ಎರಡೂ ಒಂದೇ ಅಂಗಳದಲ್ಲಿ ಎದ್ದು ನಿಂತ ಊರು ನಮ್ಮದು. 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಕ್ಕೆ ಇದೂ ಒಂದು ಮುಖ್ಯ ಕಾರಣ.

ಅಲ್ಲಿ ವಿರೂಪಾಕ್ಷ ಗುಡಿಯ ಹತ್ತಿರ ಕೂತುಕೊಂಡು ಹೇಳಬೇಕಾದ ಮಾತು ಒಂದಿದೆ. ಅದನ್ನು ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿ ಗೆದ್ದ ನೆನಪಿಗೆ. ಕಟ್ಟಿದವನು ಗುಂಡ ಅನಿವಾರಿತಾಚಾರಿ, ಅವನ ಹೆಸರೂ ಶಾಸನದಲ್ಲಿದೆ. ಮಲ್ಲಿಕಾರ್ಜುನ ಗುಡಿ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದ್ದು. ಹೆಣ್ಣುಮಕ್ಕಳ ಗುಂಪು ಕರೆದುಕೊಂಡು ಹೋದರೆ ಇದನ್ನು ಮೊದಲೇ ಹೇಳಿ. ಗುಡಿ ನೋಡುವ ರೀತಿಯೇ ಬದಲಾಗುತ್ತದೆ.

ಒಂದು ಎಚ್ಚರಿಕೆ. ಹಳೆಯ ಪುಸ್ತಕಗಳಲ್ಲಿ ಲಾಡ್‌ಖಾನ್ ಗುಡಿ ಐದನೇ ಶತಮಾನದ್ದು ಅಂತ ಬರೆದಿರುತ್ತದೆ. ಆಮೇಲಿನ ವಿದ್ವಾಂಸರು ಅದನ್ನು ಏಳನೇ ಶತಮಾನದ ಕೊನೆ, ಎಂಟನೆಯದರ ಆರಂಭಕ್ಕೆ ತಂದಿದ್ದಾರೆ. ಇದನ್ನು ಮುಚ್ಚಿಡಬೇಡಿ, ಜನರಿಗೆ ಹೇಳಿ. ಇನ್ನೂರು ವರ್ಷ ಹಿಂದೆ ಮುಂದೆ ಹೇಗಾಯಿತು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಗುಡಿ ಸರಳವಾಗಿದೆ ಅಂದ ಮಾತ್ರಕ್ಕೆ ಹಳೆಯದು ಅಂತಲ್ಲ, ಗೋಡೆಯ ಕೆತ್ತನೆ, ಶಾಸನದ ಲಿಪಿ ಎಲ್ಲ ಹೋಲಿಸಿ ಕಾಲ ಹೇಳುತ್ತಾರೆ ಅಂತ ವಿವರಿಸಿದರೆ, ಪುರಾತತ್ವ ಅಂದ್ರೆ ಏನು ಕೆಲಸ ಅನ್ನುವುದು ಅರ್ಧ ಅಲ್ಲೇ ತಿಳಿಯುತ್ತದೆ.

ಬಾದಾಮಿಯಲ್ಲಿ ಅಕ್ಷರ ನೋಡಿಸಿ

ಬಾದಾಮಿಗೆ ಹೋದರೆ ಎಳೆ ಬೇರೆ. ಅಲ್ಲಿ ಅಕ್ಷರ ಹಿಡಿಯಿರಿ. ಮೂರನೇ ಗುಹೆಯಲ್ಲಿ ಚಾಲುಕ್ಯ ಮಂಗಳೇಶನ ಶಾಸನವಿದೆ, ಶಕ 500. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ ಅಂತ ಹೇಳಿಕೊಟ್ಟು ಮಕ್ಕಳ ಕೈಯಲ್ಲೇ ಲೆಕ್ಕ ಮಾಡಿಸಿ: 578. ಕೋಟೆಯ ಬಂಡೆಯ ಮೇಲಿನ ಒಂದನೇ ಪುಲಕೇಶಿಯ ಶಾಸನ ಶಕ 465, ಅಂದರೆ 543. ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ಕವಿ ರವಿಕೀರ್ತಿ ಬರೆದದ್ದು ಶಕ 556, ಅಂದರೆ 634. ಹರ್ಷವರ್ಧನನನ್ನು ಇಮ್ಮಡಿ ಪುಲಕೇಶಿ ತಡೆದ ಸುದ್ದಿ ಇರುವುದು ಅದರಲ್ಲೇ. ಮೂರು ಲೆಕ್ಕ ಮಾಡಿದ ಹುಡುಗ ಮುಂದೆ ಯಾವ ಊರಿನ ಶಾಸನ ಫಲಕ ಕಂಡರೂ 78 ಕೂಡಿಸಿ ನೋಡುತ್ತಾನೆ.

ಅಕ್ಷರ ತೋರಿಸುವುದಕ್ಕೆ ಒಂದು ಸಣ್ಣ ಟಾರ್ಚ್ ಸಾಕು, ಮೊಬೈಲಿನದ್ದೂ ಆಗುತ್ತದೆ. ಎದುರಿನಿಂದ ಬೆಳಕು ಬಿಟ್ಟರೆ ಕಲ್ಲು ಬರೀ ಬೆಳ್ಳಗೆ ಕಾಣುತ್ತದೆ. ಕಲ್ಲಿಗೆ ಮುಟ್ಟಿಸದೆ, ಬದಿಯಿಂದ ಓರೆಯಾಗಿ, ಗೋಡೆಯ ಮೇಲೆ ಬೆಳಕು ಜಾರಿ ಹೋಗುವ ಹಾಗೆ ಹಿಡಿಯಿರಿ. ಗೀಚಿದ ಒಂದೊಂದು ಗೆರೆಯ ಒಂದು ಅಂಚಿಗೆ ನೆರಳು ಬೀಳುತ್ತದೆ, ಅದುವರೆಗೆ ಒರಟು ಕಲ್ಲು ಅಂದುಕೊಂಡ ಕಡೆ ಸಾಲಿಗೆ ಸಾಲು ಎದ್ದು ಬರುತ್ತದೆ. ಟಾರ್ಚನ್ನು ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸಿದರೆ ಸವೆದ ಅಕ್ಷರವೂ ಒಂದು ಕೋನದಲ್ಲಿ ಸಿಕ್ಕಿಬಿಡುತ್ತದೆ. ಮೊದಲೇ ಕನ್ನಡ ಲಿಪಿ ಬೆಳೆದು ಬಂದ ಚಾರ್ಟನ್ನು ಜೆರಾಕ್ಸ್ ಮಾಡಿಸಿ ಕೈಗೆ ಕೊಟ್ಟಿದ್ದರೆ, ತಮ್ಮ ಹೆಸರಿನ ಒಂದು ಅಕ್ಷರ ಹುಡುಕಿ ಅನ್ನಿ. ಸಿಕ್ಕವರ ಮುಖ ನೋಡಬೇಕು ನೀವು.

ಶಾಸನ ಕಾಣಲಿ ಅಂತ ವಿಭೂತಿ, ಸುಣ್ಣ, ಹಿಟ್ಟು ಉಜ್ಜುವ ಅಭ್ಯಾಸ ನಮ್ಮ ಕಡೆ ಇದೆ. ಎಣ್ಣೆ ಹಚ್ಚುವುದೂ ಇದೆ. ಬಾದಾಮಿ ಸೀಮೆಯದ್ದು ಮರಳುಗಲ್ಲು, ಉಜ್ಜಿದಷ್ಟೂ ಸವೆಯುತ್ತದೆ. ಟಾರ್ಚಿನ ಈ ಒಂದು ಉಪಾಯ ಕಲಿಸಿಬಿಟ್ಟರೆ ಆ ಎಲ್ಲದರ ಅಗತ್ಯವೇ ಬೀಳುವುದಿಲ್ಲ. ದಯವಿಟ್ಟು ಇದನ್ನು ಬಿಡದೆ ಕಲಿಸಿ.

ಇನ್ನು ಕಪ್ಪೆ ಅರಭಟ್ಟನ ಶಾಸನ. ಬಾದಾಮಿಯ ತಟ್ಟುಕೋಟೆ ಕಡೆಯ ಬಂಡೆಯ ಮೇಲಿದೆ, ಸುಮಾರು 700ರ ಕಾಲದ್ದು. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ಶುರುವಾಗುವ ಸಾಲು ಪಠ್ಯದಲ್ಲಿ ಓದಿದವರು ತುಂಬಾ ಜನ. ಅದು ತ್ರಿಪದಿ. ಬೀಸುವ ಪದ ಹಾಡುವ ಅಜ್ಜಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೊದಲು ನೀವು ಶಾಸನದ ಮೂರು ಸಾಲು ಓದಿ, ಆಮೇಲೆ ಅಜ್ಜಿಗೆ ಒಂದು ಪದ ಹಾಡಲು ಹೇಳಿ. ಮೂರೇ ಸಾಲು, ಅದೇ ಕಟ್ಟು. ಸಾವಿರದ ಮುನ್ನೂರು ವರ್ಷ ಹಿಂದೆ ಬಂಡೆಯ ಮೇಲೆ ಕೊರೆದ ಮಟ್ಟು ಬೀಸುಕಲ್ಲಿನ ಮುಂದೆ ಉಳಿದುಕೊಂಡು ಬಂದಿದೆ ಅನ್ನುವುದನ್ನು ಯಾವ ಭಾಷಣವೂ ಅಷ್ಟು ಚೆನ್ನಾಗಿ ಹೇಳಲಾರದು.

ಸಣ್ಣ ಮಕ್ಕಳಿದ್ದರೆ ಒಂದನೇ ಗುಹೆಯಲ್ಲಿ ಜಾಸ್ತಿ ಹೊತ್ತು ನಿಲ್ಲಿ. ಹದಿನೆಂಟು ಕೈಯ ನಟರಾಜನ ಕೈ ಎಣಿಸಲಿ, ಎರಡೆರಡು ಕೈ ಜೋಡಿಸಿ ಬೇರೆ ಬೇರೆ ಭಂಗಿ ತಾವೇ ಹಾಕಿ ನೋಡಲಿ. ದ್ವಾರಪಾಲಕನ ಕೆಳಗೆ ಆನೆ ಮತ್ತು ಎತ್ತು ಒಂದೇ ತಲೆಯಲ್ಲಿ ಕೂಡಿದ ಕೆತ್ತನೆ ಇದೆ. ಒಂದು ಕಣ್ಣಿನ ಮುಂದೆ ಅಂಗೈ ಅಡ್ಡ ಹಿಡಿದು ಒಂದು ಮೈ ಮರೆಮಾಡಿದರೆ ಎತ್ತು, ಇನ್ನೊಂದು ಮರೆಮಾಡಿದರೆ ಆನೆ. ಕೈ ಕಲ್ಲಿಗೆ ತಾಗದ ಹಾಗೆ ನೋಡಿಕೊಳ್ಳಿ.

ಊರ ಕಥೆಗಳನ್ನು ಏನು ಮಾಡಬೇಕು

ಬಾದಾಮಿಯ ಹಳೆಯ ಹೆಸರು ವಾತಾಪಿ, ಹಾಗಾಗಿ ವಾತಾಪಿ, ಇಲ್ವಲ, ಅಗಸ್ತ್ಯರ ಕಥೆ ನೀವು ಹೇಳದಿದ್ದರೂ ಯಾರಾದರೂ ಹೇಳುತ್ತಾರೆ. "ವಾತಾಪಿ ಜೀರ್ಣೋಭವ" ಗೊತ್ತಿಲ್ಲದವರು ಯಾರು? ಅಯ್ಯೋ ಅದೆಲ್ಲ ಕಟ್ಟುಕಥೆ ಅಂತ ಅವರ ಬಾಯಿ ಮುಚ್ಚಿಸಬೇಡಿ, ಒಮ್ಮೆ ಹಾಗೆ ಮಾಡಿದರೆ ಆ ದಿನ ಮುಗಿಯಿತು, ಮತ್ತೆ ಯಾರೂ ಬಾಯಿ ಬಿಡುವುದಿಲ್ಲ. ಪೂರ್ತಿ ಕೇಳಿ. ಆಮೇಲೆ, ಇದು ಜನ ಹೇಳಿಕೊಂಡು ಬಂದದ್ದು, ಈಗ ಕಲ್ಲು ಏನು ಹೇಳುತ್ತದೆ ನೋಡೋಣ ಅಂತ 543ರ ಶಾಸನಕ್ಕೆ ಬನ್ನಿ. ಎರಡನ್ನೂ ಕಲಸಬೇಡಿ, ಎರಡನ್ನೂ ಬಿಡಬೇಡಿ.

ವಾತಾಪಿ ಗಣಪತಿಯ ಪ್ರಶ್ನೆಯೂ ಖಂಡಿತ ಬರುತ್ತದೆ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿ ಹಿಡಿದದ್ದು ನಿಜ, ಅವನ ಶಾಸನವೇ ಬಾದಾಮಿಯ ಬಂಡೆಯ ಮೇಲಿದೆ. ಅವನ ಸೇನಾಪತಿ ಗಣಪತಿಯನ್ನು ತಮಿಳುನಾಡಿಗೆ ಒಯ್ದ ಅನ್ನುವುದು ಅಲ್ಲಿನ ಐತಿಹ್ಯ, ಆ ಕಾಲದ ಶಾಸನ ಯಾವುದೂ ಅದನ್ನು ಹೇಳುವುದಿಲ್ಲ. ಜನ ಸ್ವಲ್ಪ ಬಿಸಿಯಾಗುತ್ತಾರೆ. ಆಗ ಉಳಿದ ಅರ್ಧ ಹೇಳಿ: ನೂರು ವರ್ಷ ಆದ ಮೇಲೆ ನಮ್ಮ ವಿಕ್ರಮಾದಿತ್ಯ ಕಂಚಿ ಹೊಕ್ಕ, ಆದರೆ ಊರು ಸುಡಲಿಲ್ಲ. ಕೈಲಾಸನಾಥ ಗುಡಿಯ ಸಂಪತ್ತು ದೇವರಿಗೇ ಬಿಟ್ಟು, ಅದನ್ನು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿ ಬಂದ. ಪಟ್ಟದಕಲ್ಲಿನ ಗುಡಿ ಹುಟ್ಟಿದ್ದು ಆ ಗೆಲುವಿನಿಂದ.

ಸಂಜೆಯ ಮಾತು

ಸುತ್ತಾಟಕ್ಕೆ ಎರಡು ಮೂರು ದಿನ ಮೊದಲು ಊರಿನಲ್ಲೇ ಒಂದು ಮಾತು ಇಟ್ಟುಕೊಂಡರೆ ಬಹಳ ಅನುಕೂಲ. ಗುಡಿಯ ಕಟ್ಟೆ, ಸಮುದಾಯ ಭವನ, ಶಾಲೆಯ ಅಂಗಳ, ಎಲ್ಲಾದರೂ ಸರಿ. ಹೊಲದ ಕೆಲಸ ಮುಗಿಸಿ ಊಟ ಮಾಡಿ ಬರುವ ಹೊತ್ತಿಗೆ ಇಡಿ. ಸನ್ಮಾನ, ಸ್ವಾಗತ ಭಾಷಣ, ಶಾಲು ಹಾರ ಎಲ್ಲ ಬಿಟ್ಟುಬಿಡಿ. ಅವಕ್ಕೇ ಮುಕ್ಕಾಲು ಗಂಟೆ ಹೋದರೆ ಜನ ಎದ್ದು ಹೋಗುತ್ತಾರೆ, ಕರೆದ ವಿದ್ವಾಂಸರು ಕೊನೆಗೆ ಖಾಲಿ ಕುರ್ಚಿಗಳಿಗೆ ಮಾತಾಡಬೇಕಾಗುತ್ತದೆ.

ಮೊದಲ ಚಿತ್ರ ಯಾವುದಿರಬೇಕು ಗೊತ್ತಾ? ಅದೇ ಊರಿನ ಕಲ್ಲು. ಹಿಂದಿನ ದಿನ ಹೋಗಿ ಊರ ವೀರಗಲ್ಲಿನ ಫೋಟೊ ತೆಗೆದುಕೊಳ್ಳಿ. ಪರದೆ ಮೇಲೆ ಅದು ಬಂದ ಕೂಡಲೇ "ಏ, ಇದು ನಮ್ಮ ಅಗಸಿ ಹತ್ತಿರದ್ದು" ಅಂತ ಯಾರಾದರೂ ಕೂಗುತ್ತಾರೆ, ಅಲ್ಲಿಂದ ಸಭೆ ನಿಮ್ಮದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ದನಗಳಿದ್ದರೆ ತುರು ಕಾಯಲು ಹೋಗಿ ಸತ್ತವನು. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನದರಲ್ಲಿ ಲಿಂಗದ ಮುಂದೆ ಕೂತಿದ್ದಾನೆ, ತುದಿಗೆ ಸೂರ್ಯ ಚಂದ್ರ. ಕೆಳಗಿನಿಂದ ಮೇಲಕ್ಕೆ ಓದಬೇಕು ಅನ್ನುವುದೊಂದು ತಿಳಿದರೆ ಸಾಕು, ಉಳಿದದ್ದನ್ನು ಅವರೇ ಓದುತ್ತಾರೆ.

ನಲವತ್ತು ನಿಮಿಷಕ್ಕಿಂತ ಜಾಸ್ತಿ ಮಾತು ಬೇಡ, ಚಿತ್ರ ಇಪ್ಪತ್ತರೊಳಗೆ ಇರಲಿ. ರಾಜರ ವಂಶಾವಳಿ ಬೇಡವೇ ಬೇಡ. ಕರೆಂಟು ಹೋದರೆ ಅಂತ ಎರಡು ಮೂರು ಚಿತ್ರ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಇಟ್ಟುಕೊಳ್ಳಿ. ಇತಿಹಾಸ ರಾಜರಿಂದ ಶುರುವಾಗುವುದಿಲ್ಲ ಅಂತ ತೋರಿಸಲು ಮಲಪ್ರಭೆ ದಂಡೆಯ ಖ್ಯಾಡದ ಉದಾಹರಣೆ ಕೊಡಿ. ಅಲ್ಲಿನ ನದಿಯ ಗರಸಿನಲ್ಲಿ ಹಳೆ ಶಿಲಾಯುಗದ ಕಲ್ಲಿನ ಕೈಕೊಡಲಿಗಳು ಸಿಕ್ಕಿವೆ. ಚಾಲುಕ್ಯರ ಕಾಲ ಅದರ ಮುಂದೆ ನಿನ್ನೆ ಮೊನ್ನೆಯದು.

ವಿಜಯಪುರದವರಾದರೆ ಇದೇ ಕ್ರಮವನ್ನು ನೀರಿನ ಮೇಲೆ ಮಾಡಿ. ಗೋಳಗುಮ್ಮಟದಲ್ಲಿ ಕೂಗಾಟದ ನಡುವೆ ಯಾರಿಗೂ ಏನೂ ಹೇಳಲಾಗುವುದಿಲ್ಲ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ ಬಂದುಬಿಡಿ. ಆಮೇಲೆ ತಾಜ್ ಬಾವಡಿ, ಬೇಗಂ ತಲಾಬ್, ಅಲ್ಲಲ್ಲಿ ಉಳಿದಿರುವ ನೀರಿನ ಗಂಜ್‌ಗಳು. ಕೆರೆಯಿಂದ ಕೊಳವೆಯಲ್ಲಿ ಬರುವ ನೀರಿನ ಒತ್ತಡ ತಗ್ಗಿಸಲು ಆ ಗೋಪುರಗಳು ಬೇಕಾಗಿದ್ದವು. ನಲ್ಲಿ ನೀರಿಗೆ ಕಾದು ಗೊತ್ತಿರುವ ಜನಕ್ಕೆ ಆದಿಲ್‌ಶಾಹಿಗಳ ನೀರಿನ ಲೆಕ್ಕ ಬೇಗ ಹಿಡಿಸುತ್ತದೆ.

ಏರ್ಪಾಡಿನ ಮಾತು

ಗುಂಪು ಇಪ್ಪತ್ತೈದು ದಾಟದಿರಲಿ. ಬೇಸಿಗೆ ಬೇಡ, ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ವಿರೂಪಾಕ್ಷದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಚಪ್ಪಲಿ ಹೊರಗೆ. ಮಧ್ಯಾಹ್ನ ಕಲ್ಲು ಕಾದು ಕಾಲು ಸುಡುತ್ತದೆ, ಸಾಕ್ಸ್ ಹಾಕಿಕೊಂಡು ಬರಲು ಹೇಳಿ. ಬಾದಾಮಿ, ಐಹೊಳೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಸ್ಮಾರಕದ ಒಳಗೆ ಮೈಕು, ಕಾರ್ಯಕ್ರಮ, ಡ್ರೋನ್ ಏನೇ ಇದ್ದರೂ ಇಲಾಖೆಯ ಧಾರವಾಡ ವೃತ್ತದ ಅನುಮತಿ ಬೇಕು, ಸುಮ್ನೆ ನಡೆದು ನೋಡುವುದಕ್ಕೆ ಬೇಡ. ಅಲ್ಲಿಯ ಪರವಾನಗಿ ಇರುವ ಗೈಡ್ ಒಬ್ಬರನ್ನು ಹಣ ಕೊಟ್ಟೇ ಜೊತೆಗೆ ಕರೆದುಕೊಳ್ಳಿ. ಅವರ ಹೊಟ್ಟೆಪಾಡು ಅದು, ಮೇಲಾಗಿ ಯಾವ ಮೂಲೆಯಲ್ಲಿ ಎಷ್ಟು ಹೊತ್ತಿಗೆ ನೆರಳು ಬರುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಬಾದಾಮಿಯ ದಿನ ಊಟಕ್ಕೆ ಬನಶಂಕರಿಗೆ ಹೋಗಿ, ಬುಟ್ಟಿ ಹೊತ್ತು ಬರುವ ಅಕ್ಕಂದಿರ ಹತ್ತಿರ ರೊಟ್ಟಿ, ಕಾಳು ಪಲ್ಯ, ಕೆಂಪು ಚಟ್ನಿ, ಗಡಿಗೆ ಮೊಸರು ಸಿಗುತ್ತದೆ. ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ, ತೆರೆದಿದೆಯೋ ಇಲ್ಲವೋ ಅಂತ ಮೊದಲೇ ನೋಡಿಕೊಂಡು ಬನ್ನಿ. ಇದನ್ನು ಮರೆತರೆ ಮುಂದಿನ ಸಲ ಅವರು ಬರುವುದಿಲ್ಲ.

ನಿಧಿಯ ಪ್ರಶ್ನೆಗೆ ತಯಾರಾಗಿರಿ. ನಂದಿ ಕೆಳಗೆ ಹೊನ್ನಿದೆ ಅನ್ನುವ ನಂಬಿಕೆಯಿಂದ ಎಷ್ಟೋ ನಂದಿಗಳು ಒಡೆದಿವೆ, ಲಿಂಗಗಳು ಬುಡಮೇಲಾಗಿವೆ. ನಗಬೇಡಿ, ಗಂಭೀರವಾಗಿ ಉತ್ತರ ಕೊಡಿ. ಗುಡಿ ಕೆಡವಿ ಅಗೆದವರಿಗೆ ಸಿಗುವುದು ಮಣ್ಣು ಮತ್ತು ಕೇಸು, ಹೊಲದಲ್ಲಿ ನಿಜವಾಗಿ ಹಳೆಯ ನಾಣ್ಯ ಸಿಕ್ಕರೂ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು ಅಂತ ಕಾನೂನಿದೆ ಅಂತ ಹೇಳಿ.

ಸುತ್ತಾಟ ಮುಗಿದ ವಾರದೊಳಗೆ ನಿಮ್ಮ ವಾಟ್ಸಾಪ್‌ಗೆ ಕಲ್ಲಿನ ಫೋಟೊಗಳು ಬರಲು ಶುರುವಾಗುತ್ತವೆ, "ಸರ, ಇದರಾಗ ಏನ ಬರದೈತಿ ನೋಡ್ರಿ" ಅಂತ. ಕಲ್ಲನ್ನು ಅಲ್ಲಾಡಿಸಬೇಡಿ, ತೊಳೆಯಬೇಡಿ, ಬಣ್ಣ ಬಳಿಯಬೇಡಿ ಅಂತ ಮೊದಲ ಉತ್ತರ ಕೊಡಿ. ಬೆಳಿಗ್ಗೆ ಇಲ್ಲವೇ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ನಾಲ್ಕೂ ಕಡೆಯ ಫೋಟೊ ತೆಗೆಯಲಿ, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲ್ ಇಡಲಿ, ಊರು, ಸರ್ವೆ ನಂಬರ್, ಯಾವ ಗುಡಿಯಿಂದ ಯಾವ ದಿಕ್ಕಿಗೆ ಅನ್ನುವುದನ್ನೂ ಬರೆದು ಕಳಿಸಲಿ. ಓದಲು ಬಂದರೆ ಓದಿ ಹೇಳಿ. ಬರದಿದ್ದರೆ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ರಾಜ್ಯ ಪುರಾತತ್ವ ಇಲಾಖೆಗೋ ಕಳಿಸಿ, ಉತ್ತರ ಬಂದ ದಿನವೇ ಆ ಕಲ್ಲಿನ ಊರಿಗೆ ಫೋನ್ ಮಾಡಿ ತಿಳಿಸಿ.